ಅಲಬಾಮಾ ಬಿಟ್ಟು ಬ್ರೆಜಿಲ್ ಸೇರಿದ ಕರ್ನಲ್ ನಾರಿಸ್: ಊರು ಕಟ್ಟಿದವನು ಅನ್ನೋಣವಾ?

ಹಳೇ ನಕ್ಷೆ:
ಅಮೆರಿಕಕ್ಕೆ ವಲಸೆ ಹೋದವರ ಕಥೆ ಬೇಕಾದಷ್ಟು ಓದಿದ್ದೇವೆ. ಅಮೆರಿಕವೇ ಬೇಡ ಅಂತ ಗಂಟುಮೂಟೆ ಕಟ್ಟಿಕೊಂಡು ಹೊರಟವರ ಬಗ್ಗೆ ಮಾತಾಡೋದು ಕಡಿಮೆ. ಅಂಥ ಒಬ್ಬನ ಕಥೆ ಇದು.

ಬ್ರೆಜಿಲ್‌ನ ಸಾವೊ ಪಾವ್ಲೊ ರಾಜ್ಯದಲ್ಲಿ ಅಮೆರಿಕಾನಾ ಅಂತ ಊರಿದೆ. ಎರಡು ಲಕ್ಷಕ್ಕಿಂತ ಜಾಸ್ತಿ ಜನ, ಬಟ್ಟೆ ಗಿರಣಿಗಳಿಗೆ ಹೆಸರುವಾಸಿ. ಅದರ ಪಕ್ಕದಲ್ಲೇ ಸಾಂತಾ ಬಾರ್ಬರಾ ದೊಯೆಸ್ಟೆ. ಈ ಎರಡು ಊರುಗಳ ಸುತ್ತ 1866ರಿಂದ ಅಮೆರಿಕದ ದಕ್ಷಿಣ ರಾಜ್ಯಗಳ ಜನ ಬಂದು ನೆಲೆಸಿದರು. ಉತ್ತರ, ದಕ್ಷಿಣ ರಾಜ್ಯಗಳ ನಡುವಿನ ಅಂತರ್ಯುದ್ಧದಲ್ಲಿ ಸೋತ ಪಕ್ಷದವರು. ಆ ದಕ್ಷಿಣ ಪಕ್ಷಕ್ಕೆ ಕಾನ್ಫೆಡರೇಟ್ ಅಂತ ಹೆಸರು, ಹಾಗಾಗಿ ಬ್ರೆಜಿಲ್‌ನಲ್ಲಿ ಅವರನ್ನು ಕಾನ್ಫೆಡರಾಡೊಗಳು ಅಂತ ಕರೆಯುತ್ತಾರೆ.

ಅವರಿಗೆ ದಾರಿ ಮಾಡಿಕೊಟ್ಟವನು ವಿಲಿಯಂ ಹಚಿನ್‌ಸನ್ ನಾರಿಸ್. ಹುಟ್ಟಿದ್ದು 1800ರಲ್ಲಿ, ಜಾರ್ಜಿಯಾದಲ್ಲಿ. ಆಮೇಲೆ ಅಲಬಾಮಾ ಸೇರಿ ಅಲ್ಲಿನ ರಾಜ್ಯ ಸೆನೆಟ್ ಸದಸ್ಯನೂ ಆದ. ಯುದ್ಧ ಶುರುವಾದಾಗಲೇ ವಯಸ್ಸು 60 ದಾಟಿತ್ತು. ರಣರಂಗಕ್ಕೆ ಇಳಿದದ್ದು ಮಕ್ಕಳ ತಲೆಮಾರು. 1865ರ ಏಪ್ರಿಲ್‌ನಲ್ಲಿ ದಕ್ಷಿಣದ ದಂಡನಾಯಕ ಜನರಲ್ ಲೀ ಶರಣಾದ. ಅದೇ ವರ್ಷದ ಡಿಸೆಂಬರ್ ಕೊನೆಗೆ ನಾರಿಸ್ ಮತ್ತು ಅವನ ಮಗ ರಾಬರ್ಟ್ ಆಗಲೇ ರಿಯೊ ಡಿ ಜನೈರೊ ಬಂದರಿನಲ್ಲಿದ್ದರು. 65ನೇ ವಯಸ್ಸಿನಲ್ಲಿ, ಭಾಷೆ ಗೊತ್ತಿಲ್ಲದ ದೇಶಕ್ಕೆ! ಸಾಂತಾ ಬಾರ್ಬರಾ ಹತ್ತಿರ ಜಮೀನು ಕೊಂಡು ಹತ್ತಿ ಬಿತ್ತಿದರು. ಹೆಂಡತಿ ಮೇರಿ ಮತ್ತು ಉಳಿದ ಸಂಸಾರ 1867ರಲ್ಲಿ ಬಂದು ಕೂಡಿಕೊಂಡಿತು.

ಒಂದು ವಿಷಯ ನನಗೆ ಬಹಳ ಹಿಡಿಸಿತು. ಆ ಭಾಗದ ರೈತರು ಆಗ ಹೆಚ್ಚಾಗಿ ಗುದ್ದಲಿಯಲ್ಲೇ ಹೊಲ ಮಾಡುತ್ತಿದ್ದರು. ನಾರಿಸ್ ತಂದ ಕಬ್ಬಿಣದ ನೇಗಿಲು ನೋಡೋಕೆ ಸುತ್ತಮುತ್ತಲಿನವರೆಲ್ಲ ಬಂದರಂತೆ. ಮುದುಕ ಚಾಲಾಕಿ. ಸುಮ್ನೆ ತೋರಿಸಲಿಲ್ಲ, ಹೂಡೋದು ಕಲಿಸೋದಕ್ಕೆ ದುಡ್ಡು ತೆಗೆದುಕೊಂಡ.

ಈಗ ನನ್ನ ಪ್ರಶ್ನೆ. ಇವನನ್ನು ಅಮೆರಿಕಾನಾ ಊರಿನ ಸ್ಥಾಪಕ ಅಂತ ಹಲವು ಕಡೆ ಬರೆಯುತ್ತಾರೆ. ಅದು ಸರಿಯಾ?

ಸುಮ್ನೆ ಓದುಗ:
ಒಳ್ಳೆ ವಿಷಯ ಎತ್ತಿದ್ದೀರಿ ಸರ್. ಆದರೆ ಬ್ರೆಜಿಲ್ಲೇ ಯಾಕೆ? ಪಕ್ಕದ ಮೆಕ್ಸಿಕೊ ಇತ್ತಲ್ವಾ?

ಹಳೇ ನಕ್ಷೆ:
ಮೆಕ್ಸಿಕೊಗೂ ಹೋದರು. ಅಲ್ಲಿ ಚಕ್ರವರ್ತಿ ಮ್ಯಾಕ್ಸಿಮಿಲಿಯನ್ ಅವರನ್ನು ಕರೆದು ಜಮೀನು ಕೊಟ್ಟಿದ್ದ. 1867ರಲ್ಲಿ ಅವನನ್ನೇ ಗುಂಡಿಟ್ಟು ಕೊಂದರು, ವಸಾಹತುಗಳ ಕಥೆಯೂ ಅಲ್ಲಿಗೆ ಮುಗಿಯಿತು.

ಬ್ರೆಜಿಲ್‌ನಲ್ಲಿ ಆಗ ಎರಡನೇ ಪೆದ್ರೊ ಚಕ್ರವರ್ತಿ. ಅವನಿಗೆ ಹತ್ತಿ ಬೆಳೆ ಬಲ್ಲ ರೈತರು ಬೇಕಿತ್ತು. ಕಡಿಮೆ ಬೆಲೆಗೆ ಭೂಮಿ, ಪ್ರಯಾಣಕ್ಕೆ ನೆರವು, ಹೀಗೆ ಅನುಕೂಲಗಳನ್ನು ಮುಂದಿಟ್ಟ. ಇನ್ನೊಂದು ಕಾರಣ ಹೇಳೋಕೆ ಅಷ್ಟು ಚೆನ್ನಾಗಿಲ್ಲ. ಅಮೆರಿಕದಲ್ಲಿ 1865ಕ್ಕೆ ಗುಲಾಮಗಿರಿ ಹೋಯಿತು. ಬ್ರೆಜಿಲ್‌ನಲ್ಲಿ ಅದು ಇನ್ನೂ ಕಾನೂನುಬದ್ಧವಾಗಿತ್ತು.

ಹೋಗಬೇಡಿ ಅಂದವರೂ ಇದ್ದರು ಅನ್ನೋದು ಗಮನಿಸಿ. ಸೋತ ಸೇನೆಯ ದಂಡನಾಯಕ ಲೀ ಸ್ವತಃ ವಲಸೆ ಬೇಡ, ಇಲ್ಲೇ ಇದ್ದು ಹಾಳಾದದ್ದನ್ನು ಸರಿಮಾಡೋಣ ಅನ್ನುವ ಅಭಿಪ್ರಾಯದವನು.

ಎರೆಮಣ್ಣು:
ನಾನು ಹುಬ್ಬಳ್ಳಿ ಕಡೆಯವ. ಹತ್ತಿ ಅಂದ ಕೂಡಲೆ ಕಿವಿ ನೆಟ್ಟಗಾಗುತ್ತದೆ ನೋಡ್ರಿ. ನಾರಿಸ್ ಮನೆತನದ ದಾರಿಯನ್ನು ಹತ್ತಿ ಹಿಡಿದುಕೊಂಡೇ ಹೇಳಬಹುದು ಅಂತ ನನಗನ್ನಿಸುತ್ತದೆ.

ಎಲಿ ವಿಟ್ನಿ ಹತ್ತಿಯಿಂದ ಬೀಜ ಬೇರೆ ಮಾಡುವ ಜಿನ್ನಿಂಗ್ ಯಂತ್ರ ಮಾಡಿದ್ದು 1793ರಲ್ಲಿ, ಅದೂ ಜಾರ್ಜಿಯಾದ ಒಂದು ತೋಟದಲ್ಲಿ. ಏಳು ವರ್ಷದ ಮೇಲೆ ಅದೇ ಜಾರ್ಜಿಯಾದಲ್ಲಿ ನಾರಿಸ್ ಹುಟ್ಟಿದ. ಅಂದರೆ ಹತ್ತಿಗೆ ಹುಚ್ಚು ಬೆಲೆ ಬಂದ ಕಾಲದ ಕೂಸು. 1814ರಲ್ಲಿ ಕ್ರೀಕ್ ಜನಾಂಗವನ್ನು ಸೋಲಿಸಿ ಎರಡು ಕೋಟಿ ಎಕರೆಗೂ ಮಿಕ್ಕಿದ ಭೂಮಿ ಬರೆಸಿಕೊಂಡರು. ಅದರಲ್ಲಿ ಬಹುಪಾಲು ಈಗಿನ ಅಲಬಾಮಾ. ಜಾರ್ಜಿಯಾ, ಕೆರೊಲೈನಾಗಳ ಜನ ಹಿಂಡುಹಿಂಡಾಗಿ ಅತ್ತ ನುಗ್ಗಿದರು. ಅದಕ್ಕೆ ಅಲಬಾಮಾ ಜ್ವರ ಅಂತಲೇ ಹೆಸರಿತ್ತು. 1819ಕ್ಕೆ ಅದು ರಾಜ್ಯವೂ ಆಯಿತು. ಆ ಜ್ವರ ಹಿಡಿದ ತಲೆಮಾರಿನವನೇ ನಾರಿಸ್.

ಹಾಗಾಗಿ 1865ರಲ್ಲಿ ಬ್ರೆಜಿಲ್‌ಗೆ ಹೊರಟಾಗ ಅವನು ಜೀವನದಲ್ಲಿ ಮೊದಲ ಸಲ ಊರು ಬಿಡುತ್ತಿರಲಿಲ್ಲ. ಹೊಸ ಮಣ್ಣು, ಹತ್ತಿ, ಕೂಲಿ ಕೊಡದೆ ದುಡಿಸಿಕೊಳ್ಳೋ ಕೈಗಳು. ಈ ಮೂರೂ ಎಲ್ಲಿ ಸಿಗುತ್ತವೋ ಅಲ್ಲಿಗೆ ಹೋಗೋದು ಅವರ ರೂಢಿ. ಸೋತು ಓಡಿಹೋದ ದೇಶಭ್ರಷ್ಟ ಅಂತ ಕಣ್ಣೀರು ಹಾಕೋದಕ್ಕೆ ನನಗೆ ಮನಸ್ಸಿಲ್ಲ.

ಅಂದ ಹಾಗೆ ಇದೇ ಯುದ್ಧದ ಬಿಸಿ ನಮ್ಮ ಧಾರವಾಡಕ್ಕೂ ತಟ್ಟಿತ್ತು. 1840ರ ದಶಕದಲ್ಲಿ ಕಂಪನಿ ಸರ್ಕಾರ ಅಮೆರಿಕದಿಂದ ಹತ್ತಿ ಬೆಳೆಗಾರರನ್ನೇ ಕರೆಸಿ, ನ್ಯೂ ಆರ್ಲಿಯನ್ಸ್ ಬೀಜ ತರಿಸಿ ಹುಬ್ಬಳ್ಳಿ ಹತ್ತಿರದ ಕುಸುಗಲ್‌ನಲ್ಲಿ ಪ್ರಯೋಗ ಮಾಡಿತು. ಬೇರೆ ಬಹಳಷ್ಟು ಕಡೆ ಆ ಬೀಜ ಕೈಕೊಟ್ಟಿತು, ನಮ್ಮ ಎರೆಹೊಲದಲ್ಲಿ ಹಿಡಿಯಿತು. ಧಾರವಾಡ ಅಮೆರಿಕನ್ ಅಂತ ಅದಕ್ಕೆ ಮಾರುಕಟ್ಟೆಯಲ್ಲಿ ಹೆಸರೇ ಬಿತ್ತು. ಅಂತರ್ಯುದ್ಧದಲ್ಲಿ ಉತ್ತರದವರು ದಕ್ಷಿಣದ ಬಂದರುಗಳನ್ನು ಮುಚ್ಚಿಸಿದಾಗ ಇಂಗ್ಲೆಂಡಿನ ಲ್ಯಾಂಕಾಶೈರ್ ಗಿರಣಿಗಳಿಗೆ ಹತ್ತಿಯೇ ಇಲ್ಲ. ಬೆಲೆ ಗಗನಕ್ಕೆ ಹೋಯಿತು. ಧಾರವಾಡದ ಹತ್ತಿ ಕಾರವಾರ ಬಂದರಿನಿಂದ ಸಾಗಲಿ ಅಂತ ಉತ್ತರ ಕನ್ನಡವನ್ನು ಮದ್ರಾಸಿನಿಂದ ತೆಗೆದು 1862ರಲ್ಲಿ ಮುಂಬೈ ಪ್ರಾಂತ್ಯಕ್ಕೆ ಸೇರಿಸಿದ್ದೂ ಆಗಲೇ. ಯುದ್ಧ ಮುಗಿದ ಕೂಡಲೆ ಬೆಲೆ ದಬಕ್ಕನೆ ಬಿತ್ತು, 1865ರಲ್ಲಿ ಮುಂಬೈಯ ಬ್ಯಾಂಕುಗಳು, ವರ್ತಕರು ಸಾಲುಸಾಲಾಗಿ ದಿವಾಳಿ.

ನಾರಿಸ್ ಬ್ರೆಜಿಲ್‌ಗೆ ಕಾಲಿಟ್ಟಿದ್ದು ಸರಿಯಾಗಿ ಆ ಹೊತ್ತಿಗೆ. ಬೆಲೆ ಇನ್ನೂ ಪೂರ್ತಿ ಕುಸಿದಿರಲಿಲ್ಲ, ಮೊದಲ ಕೆಲವು ಬೆಳೆಗೆ ಒಳ್ಳೆ ದುಡ್ಡು ಬಂತು.

ಮುತ್ತಜ್ಜಿ ಪೆಟ್ಟಿಗೆ:
ಎರೆಮಣ್ಣು ಅಣ್ಣ, ಕುಸುಗಲ್ ವಿಷಯ ಇನ್ನೊಂದು ಸಲ ವಿವರವಾಗಿ ಬರೀಬೇಕು ನೀವು.

ನಾನು ವಂಶಾವಳಿ ಹುಡುಕೋ ಹುಚ್ಚಿನವಳು, ಅದೇ ಕಡೆಯಿಂದ ಒಂದು ಮಾತು. ಇಂಥ ಮನೆತನಗಳ ಮೂಲ ಹುಡುಕೋರು ಅಮೆರಿಕದ 1850 ಮತ್ತು 1860ರ ಜನಗಣತಿ ತೆಗೆಯುತ್ತಾರೆ. ಅದರಲ್ಲಿ ಎರಡು ಪಟ್ಟಿ. ಒಂದು ಸ್ವತಂತ್ರ ಜನರದ್ದು. ಯಜಮಾನ, ಹೆಂಡತಿ, ಮಕ್ಕಳು, ಎಲ್ಲರ ಹೆಸರು, ವಯಸ್ಸು, ಹುಟ್ಟಿದ ರಾಜ್ಯ. ಇನ್ನೊಂದು ಗುಲಾಮರ ಪಟ್ಟಿ. ಅದರಲ್ಲಿ ಮಾಲೀಕನ ಹೆಸರು ಮಾತ್ರ ಬರೆದಿರುತ್ತದೆ. ಕೆಳಗೆ ಸಾಲಾಗಿ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ. 35, ಹೆಣ್ಣು, ಕಪ್ಪು. 8, ಗಂಡು, ಕಪ್ಪು. 1, ಹೆಣ್ಣು, ಮಿಶ್ರ. ಹೆಸರಿನ ಕಾಲಮ್ಮೇ ಇಲ್ಲ. ಆ ಜನರ ಹೆಸರು ಜನಗಣತಿಯಲ್ಲಿ ಮೊದಲ ಸಲ ಬರುವುದು 1870ರಲ್ಲಿ. ಅಂದರೆ ಒಂದೇ ಜಮೀನಿನಲ್ಲಿ ಬದುಕಿದ ಎರಡು ಸಂಸಾರಗಳಲ್ಲಿ ಒಂದಕ್ಕೆ ಐದಾರು ತಲೆಮಾರು ಹಿಂದಕ್ಕೆ ಹೋಗಬಹುದು. ಇನ್ನೊಂದು 1870ಕ್ಕೆ ಗೋಡೆಗೆ ಬಡಿದ ಹಾಗೆ ನಿಂತುಬಿಡುತ್ತದೆ.

ಬ್ರೆಜಿಲ್‌ನಲ್ಲೂ ಕಥೆ ಮುಂದುವರಿಯಿತು. ಅಲ್ಲಿನ ದಾಖಲೆಗಳನ್ನು ಜಾಲಾಡಿದ ಸಂಶೋಧಕರು ಇಂಥ ವಲಸೆಗಾರರಲ್ಲಿ 50ಕ್ಕೂ ಹೆಚ್ಚು ಕುಟುಂಬಗಳು 500ಕ್ಕೂ ಹೆಚ್ಚು ಗುಲಾಮರನ್ನು ಇಟ್ಟುಕೊಂಡಿದ್ದನ್ನು ತೋರಿಸಿದ್ದಾರೆ. ಎಲ್ಲರೂ ಅಲ್ಲ ನಿಜ. ಬಹಳ ಜನರ ಹತ್ತಿರ ಅಷ್ಟು ದುಡ್ಡೇ ಉಳಿದಿರಲಿಲ್ಲ.

ಸುಮ್ನೆ ಓದುಗ:
ನಮ್ಮ ಹಳ್ಳಿ ಕಡೆ ಗೌಡರ ಮನೆ ವಂಶಾವಳಿ ಹೆಳವರ ಬಾಯಲ್ಲಿ ಇರುತ್ತೆ, ಜೀತದವರದ್ದು ಯಾರ ಬಾಯಲ್ಲೂ ಇರೋದಿಲ್ಲ. ಹಾಗೇ ಆಯ್ತು ಇದು.

ಕಂಪಿನಾಸ್ ಕನ್ನಡಿಗ:
ಕೆಲಸದ ಮೇಲೆ ಕಂಪಿನಾಸ್‌ನಲ್ಲಿ ಇದ್ದೆ. ಅಮೆರಿಕಾನಾ ಅಲ್ಲಿಂದ ಹತ್ತಿರ. ಒಂದು ಭಾನುವಾರ ಆಫೀಸಿನ ಗೆಳೆಯನ ಕಾರಲ್ಲಿ ಅವರ ಸ್ಮಶಾನ ನೋಡಿ ಬಂದೆವು. ಕಾಂಪೊ ಸ್ಮಶಾನ ಅಂತ, ಸಾಂತಾ ಬಾರ್ಬರಾ ಪಂಚಾಯ್ತಿ ಹದ್ದಿನಲ್ಲಿದೆ. ದಾರಿಯುದ್ದ ಕಬ್ಬಿನ ಗದ್ದೆ. ಮಂಡ್ಯದಲ್ಲಿ ಇದ್ದೀನೇನೋ ಅನ್ನಿಸುತ್ತಿತ್ತು.

ಸ್ಮಶಾನ ಹುಟ್ಟಿದ ಕಾರಣ ಕೇಳಿ. ಬ್ರೆಜಿಲ್‌ನಲ್ಲಿ ಆಗ ಸ್ಮಶಾನಗಳೆಲ್ಲ ಕ್ಯಾಥೊಲಿಕ್ ಚರ್ಚಿನ ಕೈಯಲ್ಲಿ. ಇವರು ಪ್ರಾಟೆಸ್ಟೆಂಟರು, ಜಾಗ ಕೊಡಲಿಲ್ಲ. ಆಲಿವರ್ ಅನ್ನುವವನ ಹೆಂಡತಿ ಬಿಯಾಟ್ರಿಸ್ 1868ರಲ್ಲಿ ತೀರಿಕೊಂಡಾಗ ತನ್ನ ಹೊಲದಲ್ಲೇ ಮಣ್ಣು ಮಾಡಿದ. ಆಮೇಲೆ ಅವನ ಹೆಣ್ಣುಮಕ್ಕಳೂ ಅಲ್ಲೇ ಸೇರಿದರು. ಪಕ್ಕದ ಹೊಲದವರು ತಮ್ಮವರನ್ನೂ ಅಲ್ಲಿಗೇ ತಂದರು. ಹಾಗೆ ಬೆಳೆದ ಜಾಗ ಅದು. ಒಂದು ಸಣ್ಣ ಪ್ರಾರ್ಥನಾ ಮಂದಿರ ಇದೆ, ಕುಟುಂಬಗಳ ಹೆಸರು ಕೆತ್ತಿದ ಕಂಬ ಇದೆ. ಹಳೇ ಕಲ್ಲುಗಳಲ್ಲಿ ಇಂಗ್ಲಿಷ್. ಹೊಸವು ಪೋರ್ಚುಗೀಸಿಗೆ ಜಾರುತ್ತವೆ. ಹೆಸರೂ ಹಾಗೇ, ಮೊದಲ ಹೆಸರು ಪೋರ್ಚುಗೀಸು, ಮನೆ ಹೆಸರು ಇಂಗ್ಲಿಷು. 20ನೇ ಶತಮಾನದಲ್ಲಿ ಹುಟ್ಟಿ ಅಲ್ಲೇ ಸತ್ತ ಒಬ್ಬರ ಕಲ್ಲಿನ ಮೇಲೆ ಇಂಗ್ಲಿಷಿನಲ್ಲಿ ಕೆತ್ತಿಸಿದ್ದಾರೆ: ಒಮ್ಮೆ ದಂಗೆಕೋರ, ಎರಡು ಸಲ ದಂಗೆಕೋರ, ಎಂದೆಂದಿಗೂ ದಂಗೆಕೋರ. ಯಾವ ದಂಗೆ, ಯಾರ ದಂಗೆ? ಆ ಮನುಷ್ಯ ಹುಟ್ಟೋ ಹೊತ್ತಿಗೆ ಯುದ್ಧ ಮುಗಿದು ಮೂವತ್ತು ವರ್ಷ ದಾಟಿತ್ತು.

ನನಗೆ ಮುಜುಗರ ಆದದ್ದು ಆ ಬಯಲು. ವರ್ಷಕ್ಕೊಮ್ಮೆ ಹಬ್ಬ ಮಾಡುವ ಜಾಗದಲ್ಲಿ, ಕುಣಿಯೋ ಕಾಂಕ್ರೀಟ್ ನೆಲದ ಮೇಲೆ ಕಾನ್ಫೆಡರೇಟ್ ಬಾವುಟವನ್ನು ದೊಡ್ಡದಾಗಿ ಬಳಿದಿದ್ದರು. ಜತೆಗೆ ಬಂದಿದ್ದ ನನ್ನ ಗೆಳೆಯ ಕಪ್ಪು ಬ್ರೆಜಿಲಿಯನ್. ಅವನು ಕಾರಿನಿಂದ ಇಳಿದದ್ದೇ ಸ್ವಲ್ಪ ಹೊತ್ತು. ಸಿಗರೇಟು ಸೇದಿ ಮತ್ತೆ ಹೋಗಿ ಕೂತ.

ಹಳೇ ನಕ್ಷೆ:
ಜಿಮ್ಮಿ ಕಾರ್ಟರ್ ಕೂಡ ಆ ಸ್ಮಶಾನಕ್ಕೆ ಹೋಗಿದ್ದರು. 1972ರಲ್ಲಿ, ಜಾರ್ಜಿಯಾ ಗವರ್ನರ್ ಆಗಿದ್ದಾಗ. ಅವರ ಹೆಂಡತಿ ರೋಸಲಿನ್ ಕಡೆಯ ಹಿರಿಯರೊಬ್ಬರ ಸಮಾಧಿ ಅಲ್ಲಿದೆ. ಅಲ್ಲಿನವರ ಇಂಗ್ಲಿಷ್ ಕೇಳಿ, ನಮ್ಮೂರಿನವರು ಮಾತಾಡಿದ ಹಾಗೇ ಇದೆ ಅಂತ ಬೆರಗಾದರಂತೆ. ನೂರು ವರ್ಷ ದಾಟಿದರೂ ಮನೆಯೊಳಗೆ ಜಾರ್ಜಿಯಾ, ಅಲಬಾಮಾದ ಉಚ್ಚಾರ ಉಳಿದಿತ್ತು. ಈಗಿನ ಮಕ್ಕಳದ್ದು ಪೂರ್ತಿ ಪೋರ್ಚುಗೀಸು.

ಕಾಫಿ ಬಿಸಿ ಇದೆ:
ರೀಟಾ ಲೀ ಹೆಸರು ಯಾರೂ ಹೇಳಲೇ ಇಲ್ಲ! ಬ್ರೆಜಿಲ್‌ನ ರಾಕ್ ರಾಣಿ. ಊಸ್ ಮುಟಾಂಚಿಸ್ ತಂಡದಲ್ಲಿ ಹಾಡುತ್ತಿದ್ದವಳು, 2023ರಲ್ಲಿ ತೀರಿಕೊಂಡಳು. ಅಪ್ಪ ಚಾರ್ಲ್ಸ್ ಜೋನ್ಸ್ ಹಲ್ಲಿನ ಡಾಕ್ಟರು, ಈ ವಲಸೆಗಾರರ ವಂಶದವನು. ಅಮ್ಮ ಇಟಲಿ ಮೂಲದವಳು. ಹೆಸರಿನಲ್ಲಿರೋ ಆ ಲೀ, ಜನರಲ್ ಲೀ ನೆನಪಿಗೆ ಇಟ್ಟದ್ದು ಅನ್ನುತ್ತಾರೆ. ದಂಡನಾಯಕನ ಹೆಸರು ಹೊತ್ತವಳು ಬೆಳೆದು ಸೈನಿಕ ಸರ್ಕಾರದ ಸೆನ್ಸಾರಿಗೆ ತಲೆನೋವಾದಳು, ಜೈಲಿಗೂ ಹೋದಳು. ನನಗೆ ಕರ್ನಲ್‌ಗಿಂತ ಇವಳೇ ಇಷ್ಟ.

ಸುಮ್ನೆ ಓದುಗ:
ಒಂದು ಅನುಮಾನ. ಬೇರೆಯವರೂ ಬ್ರೆಜಿಲ್‌ನಲ್ಲಿ ವಸಾಹತು ಮಾಡಿದರು ಅಂತ ಓದಿದ್ದೆ. ಅವೆಲ್ಲ ಏನಾದವು? ನಾರಿಸ್‌ದು ಮಾತ್ರ ಯಾಕೆ ಉಳಿಯಿತು?

ಹಳೇ ನಕ್ಷೆ:
ಇದಕ್ಕೆ ಉತ್ತರ ಸ್ವಲ್ಪ ಉದ್ದ.

ಟೆಕ್ಸಸ್‌ನ ಫ್ರಾಂಕ್ ಮೆಕ್‌ಮುಲ್ಲನ್ ಇಗ್ವಾಪೆ ಕಡೆಯ ಕಾಡಿಗೆ ಜನರನ್ನು ಕರೆತಂದ. ಕ್ಷಯ ಇತ್ತು, 1867ರಲ್ಲೇ ಸತ್ತ. ನ್ಯೂ ಆರ್ಲಿಯನ್ಸ್‌ನ ಪಾದ್ರಿ ಬ್ಯಾಲರ್ಡ್ ಡನ್ ಅದೇ ಭಾಗದಲ್ಲಿ ಹೆಂಡತಿ ಹೆಸರಿನ ವಸಾಹತು ಹಾಕಿದ, ಪ್ರವಾಹಕ್ಕೆ ಸಿಕ್ಕಿ ಹಾಳಾಯಿತು. ಚಾರ್ಲ್ಸ್ ಗಂಟರ್ ರಿಯೊ ದೋಸೆ ನದಿ ಕಡೆ ಹೋದ, ಬರ ಮತ್ತು ಜ್ವರ. ಲ್ಯಾನ್ಸ್‌ಫರ್ಡ್ ಹೇಸ್ಟಿಂಗ್ಸ್ ಅಂತ ಇನ್ನೊಬ್ಬ, ಅಮೆಜಾನ್ ತೀರದ ಸಾಂತಾರೆಂ ಆರಿಸಿಕೊಂಡ. ಇವನು ಹಳೇ ಆಸಾಮಿ. 1846ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಅಡ್ಡದಾರಿ ಇದೆ ಅಂತ ನಂಬಿಸಿ, ಡಾನರ್ ತಂಡ ಹಿಮದಲ್ಲಿ ಸಿಕ್ಕಿಕೊಂಡು ಸಾಯೋಕೆ ಕಾರಣನಾದವನು. ಇಪ್ಪತ್ತು ವರ್ಷದ ಮೇಲೂ ಅದೇ ಚಾಳಿ. ಬ್ರೆಜಿಲ್‌ಗೆ ಬನ್ನಿ ಅಂತ ಒಂದು ಕೈಪಿಡಿಯನ್ನೇ ಬರೆದ. 1870ರಲ್ಲಿ ಇನ್ನಷ್ಟು ಜನರನ್ನು ಕರೆದೊಯ್ಯುತ್ತಾ ದಾರಿಯಲ್ಲೇ ಸತ್ತ.

ಇವರೆಲ್ಲ ಹೋದದ್ದು ಹೆಚ್ಚಾಗಿ ದೂರದ ಕಾಡು, ನದಿತೀರಕ್ಕೆ. ಬೆಳೆದದ್ದನ್ನು ಪೇಟೆಗೆ ತರೋಕೆ ರಸ್ತೆ ಇಲ್ಲ. ನಾರಿಸ್ ಮಾಡಿದ್ದು ಬೇರೆ. ಆಗಲೇ ಒಂದು ಪುಟ್ಟ ಊರು, ಕಂಪಿನಾಸ್‌ನಂಥ ಪೇಟೆ ಹತ್ತಿರ ಇರೋ ಕಡೆ, ಬೇರೆಯವರು ಸಾಗು ಮಾಡಿದ್ದ ಭೂಮಿಯನ್ನು ದುಡ್ಡು ಕೊಟ್ಟು ಕೊಂಡ. ಮಣ್ಣು ಕೆಂಪು, ಫಲವತ್ತು. ರೈಲು ಅವನ ಕಡೆಗೇ ಬರುತ್ತಿತ್ತು. ಸಾಂತೋಸ್ ಬಂದರಿನಿಂದ ಜುಂಡಿಯಾಯಿವರೆಗಿನ ರೈಲು 1867ರಲ್ಲಿ ಶುರುವಾಯಿತು, 1872ರಲ್ಲಿ ಕಂಪಿನಾಸ್ ಮುಟ್ಟಿತು. ಮಿಕ್ಕ ವಸಾಹತುಗಳಲ್ಲಿ ಸೋತವರು ಒಬ್ಬೊಬ್ಬರೇ ಇವನ ಅಕ್ಕಪಕ್ಕ ಬಂದು ಸೇರಿಕೊಂಡರು. ಬಹಳ ಜನ ಅಮೆರಿಕಕ್ಕೇ ವಾಪಸಾದರು.

ಹತ್ತಿ ಬೆಲೆ ಬಿದ್ದ ಮೇಲೆ ಕಬ್ಬು ಹಾಕಿದರು. ಜಾರ್ಜಿಯಾದಿಂದ ತಂದ ಬೀಜದ ಕಲ್ಲಂಗಡಿ ಬೆಳೆದು ರೈಲಿನಲ್ಲಿ ಕಳಿಸಿದರು. ಚರ್ಚೂ ಬಂತು. ಬ್ರೆಜಿಲ್‌ನ ಮೊದಲ ಬ್ಯಾಪ್ಟಿಸ್ಟ್ ಸಭೆ 1871ರಲ್ಲಿ ಸಾಂತಾ ಬಾರ್ಬರಾದಲ್ಲಿ ಇವರೇ ಮಾಡಿದ್ದು.

ಮುತ್ತಜ್ಜಿ ಪೆಟ್ಟಿಗೆ:
ಆ ಇಗ್ವಾಪೆ, ಜುಕಿಯಾ ಕಡೆಯದ್ದೇ ಇನ್ನೊಂದು ಕಥೆ ಇದೆ. ಟೆಕ್ಸಸ್‌ನಿಂದ ಬಂದ ಡೈಯರ್ ಅನ್ನುವ ನ್ಯಾಯಾಧೀಶನ ಜತೆ ಸ್ಟೀವ್ ವಾಟ್ಸನ್ ಅಂತ ಅವನ ಮಾಜಿ ಗುಲಾಮ ಬಂದಿದ್ದ. ಡೈಯರ್ ಸೋತು ವಾಪಸು ಹೋದ. ಸ್ಟೀವ್ ಉಳಿದ, ಮರದ ಮಿಲ್ಲು ನಡೆಸಿ ಚೆನ್ನಾಗಿಯೇ ಆದ. ಜುಕಿಯಾ ಕಣಿವೆಯಲ್ಲಿ ವಾಸಾಂವ್ ಅನ್ನೋ ಮನೆ ಹೆಸರಿನವರು ಇದ್ದಾರಲ್ಲ, ಅದು ಈ ವಾಟ್ಸನ್ನೇ. ವಸಾಹತುಗಾರರ ಸಾಲಿನಲ್ಲಿ ಇವನ ಹೆಸರನ್ನೂ ಬರೀರಿ.

ಎರೆಮಣ್ಣು:
ಬರೆಯಲೇಬೇಕು ಅಕ್ಕ.

ಹಳೇ ನಕ್ಷೆ ಅವರ ಪ್ರಶ್ನೆಗೆ ಬರೋಣ. ಸ್ಥಾಪಕ ಯಾರು? ಸಾಂತಾ ಬಾರ್ಬರಾ ಅಂತೂ ನಾರಿಸ್ ಕಟ್ಟಿದ್ದಲ್ಲ. ಅದನ್ನು 1818ರಲ್ಲಿ ಮಾರ್ಗರೀದಾ ದ ಗ್ರಾಸಾ ಮಾರ್ಟಿನ್ಸ್ ಅನ್ನುವ ಹೆಂಗಸು ಶುರುಮಾಡಿದ್ದು. ಇವರು ಬರೋ ಹೊತ್ತಿಗೆ ಊರಿಗೆ ಐವತ್ತರ ಹತ್ತಿರ.

ಅಮೆರಿಕಾನಾದ ಹುಟ್ಟಿದ ದಿನ ಅಂತ ಆಚರಿಸೋದು 1875ರ ಆಗಸ್ಟ್ 27. ಅವತ್ತು ಏನಾಯಿತು? ರೈಲ್ವೆ ಸ್ಟೇಷನ್ ಉದ್ಘಾಟನೆ. ಸ್ಟೇಷನ್ ಸುತ್ತ ಸೈಟು ಮಾಡಿ ಹಂಚಿದವನು ಇಗ್ನಾಸಿಯೊ ಕೊರೆಯಾ ಪಾಶೆಕೊ ಅನ್ನುವ ಸ್ಥಳೀಯ ಕ್ಯಾಪ್ಟನ್. ಊರಿನವರು ಅಧಿಕೃತವಾಗಿ ಸ್ಥಾಪಕ ಅನ್ನುವುದು ಅವನನ್ನೇ. ಅಮೆರಿಕನ್ನರು ಹತ್ತಿ ಏರಿಸೋಕೆ, ಸಾಮಾನು ಕೊಳ್ಳೋಕೆ ಅಲ್ಲಿಗೆ ಬರುತ್ತಿದ್ದರು, ಕೆಲವರು ಅಲ್ಲೇ ಮನೆ ಮಾಡಿದರು. ಜನ ಅದನ್ನು ಅಮೆರಿಕನ್ನರ ಹಳ್ಳಿ ಅಂದರು. ಸ್ಟೇಷನ್ ಬೋರ್ಡಿನಲ್ಲಿ ಮಾತ್ರ ಸಾಂತಾ ಬಾರ್ಬರಾ ಅಂತಿತ್ತು. ಅಸಲಿ ಸಾಂತಾ ಬಾರ್ಬರಾ ಅಲ್ಲಿಂದ ಮೈಲಿಗಟ್ಟಲೆ ಆಚೆ. ಟಪಾಲು ಅಲ್ಲಿಗೆ ಹೋಗಬೇಕಾದ್ದು ಇಲ್ಲಿಗೆ, ಇಲ್ಲಿಗೆ ಬರಬೇಕಾದ್ದು ಅಲ್ಲಿಗೆ. ಈ ರಗಳೆ ಸಾಕಾಗಿ 1900ರಲ್ಲಿ ವಿಲಾ ಅಮೆರಿಕಾನಾ ಅಂತ ಹೆಸರು ಬದಲಿಸಿದರು. ನಾರಿಸ್ ಸತ್ತಿದ್ದು 1893ರಲ್ಲಿ. ಊರಿಗೆ ಆ ಹೆಸರು ಅಧಿಕೃತವಾಗಿ ಬಿದ್ದದ್ದನ್ನು ಅವನು ನೋಡಲೇ ಇಲ್ಲ.

ಮುಂದೆ ಊರು ಬೆಳೆದದ್ದು ಮಗ್ಗದಿಂದ. ದುಡಿದವರು ಬಹುಪಾಲು 1880ರ ದಶಕದಿಂದ ಬಂದ ಇಟಲಿಯವರು. ಈಗ ಅಲ್ಲಿ ಅವರ ವಂಶದವರೇ ಜಾಸ್ತಿ.

ಕಂಪಿನಾಸ್ ಕನ್ನಡಿಗ:
ಹೌದು, ಅಮೆರಿಕಾನಾ ಬೀದಿಯಲ್ಲಿ ಅಮೆರಿಕದ ಯಾವ ಕುರುಹೂ ಕಾಣೋದಿಲ್ಲ. ಇಟಾಲಿಯನ್ ಹೆಸರಿನ ಅಂಗಡಿಗಳು, ಬಟ್ಟೆ ಮಳಿಗೆಗಳು, ಅಷ್ಟೇ.

ಆ ಹಬ್ಬಕ್ಕೆ ನಾನು ಹೋಗಿಲ್ಲ. ಗಂಡಸರು ಬೂದು ಬಣ್ಣದ ಸೇನೆ ಸಮವಸ್ತ್ರ, ಹೆಂಗಸರು ಅಗಲ ಲಂಗ ಹಾಕಿ ಕುಣಿಯುತ್ತಿದ್ದರು. ಕರಿದ ಕೋಳಿ, ಬಿಸ್ಕೆಟ್ಟು ಮಾರುತ್ತಿದ್ದರು. ಅಮೆರಿಕದ ಶಾರ್ಲಟ್ಸ್‌ವಿಲ್‌ನಲ್ಲಿ 2017ರಲ್ಲಿ ಬಿಳಿಯ ಜನಾಂಗವಾದಿಗಳ ಮೆರವಣಿಗೆಯಿಂದ ಆದ ಗಲಭೆ ನಂತರ ಕಪ್ಪು ಜನರ ಸಂಘಟನೆಗಳು ಈ ಬಾವುಟ ತೆಗೀರಿ ಅಂತ ಗಟ್ಟಿಯಾಗಿ ಕೇಳೋಕೆ ಶುರುಮಾಡಿದವು. ನಮಗೆ ಇದು ಅಜ್ಜ ಅಜ್ಜಿಯ ನೆನಪು, ರಾಜಕೀಯ ಅಲ್ಲ ಅಂತ ವಂಶಸ್ಥರ ವಾದ. ಅವರಲ್ಲೂ ಬಹಳ ಜನರ ಮೈಯಲ್ಲಿ ಈಗ ಮಿಶ್ರ ರಕ್ತವೇ ಇದೆ ಅನ್ನೋದು ಬೇರೆ ಮಾತು.

ಕಾಫಿ ಬಿಸಿ ಇದೆ:
ಅಜ್ಜನ ನೆನಪಿಗೆ ನೇಗಿಲು ಬಳಿಯಬಹುದಿತ್ತು ನೆಲದ ಮೇಲೆ. ಕಲ್ಲಂಗಡಿ ಬಳಿಯಬಹುದಿತ್ತು. ಅದೇ ಬಾವುಟ ಯಾಕೆ?

ಹಳೇ ನಕ್ಷೆ:
ಎರೆಮಣ್ಣು ಹೇಳಿದ ಪಾಶೆಕೊ ವಿಷಯ ಇಷ್ಟು ಖಚಿತವಾಗಿ ಇದ್ದ ಮೇಲೆ, ಊರಿನ ಸ್ಥಾಪಕ ಅನ್ನೋ ಪಟ್ಟ ನಾರಿಸ್‌ಗೆ ಕೊಡೋದು ಕಷ್ಟ. ವಸಾಹತಿನ ಮೊದಲಿಗ ಅನ್ನೋದು ಸರಿ. ಅದನ್ನು ಮಾತ್ರ ಕಿತ್ತುಕೊಳ್ಳಬೇಡಿ. ಅವನು ಅಲ್ಲಿ ಜಮೀನು ಹಿಡಿಯದಿದ್ದರೆ ಉಳಿದವರು ಆ ಮೂಲೆಗೆ ಬರುತ್ತಿರಲಿಲ್ಲ.

ಇನ್ನೊಂದು ಲೆಕ್ಕ ಹಾಕಿ ನೋಡಿ. ಬ್ರೆಜಿಲ್‌ನಲ್ಲಿ 1888ರ ಮೇ 13ಕ್ಕೆ ರಾಜಕುಮಾರಿ ಇಸಾಬೆಲ್ ಸಹಿ ಹಾಕಿ ಗುಲಾಮಗಿರಿ ರದ್ದು ಮಾಡಿದಳು. ಆಗ ನಾರಿಸ್‌ಗೆ 87 ಇಲ್ಲವೇ 88. ಅಲಬಾಮಾದಲ್ಲಿ ನೋಡಿದ್ದನ್ನೇ ಮತ್ತೊಂದು ಸಲ ನೋಡಿದ. ಮುಂದಿನ ವರ್ಷ ಇವರನ್ನು ಕರೆಸಿದ ಚಕ್ರವರ್ತಿಯನ್ನೂ ಇಳಿಸಿ ಹಡಗು ಹತ್ತಿಸಿದರು. ಈ ಸಲ ನಾರಿಸ್ ಎಲ್ಲಿಗೂ ಹೊರಡಲಿಲ್ಲ.

ಎರೆಮಣ್ಣು:
ವಯಸ್ಸಾಗಿತ್ತಲ್ರಿ! ಅಲ್ಲದೆ 1888ರ ನಂತರ ಎಲ್ಲಿಗೆ ಹೋಗೋದು? ಅಮೆರಿಕ ಖಂಡದಲ್ಲಿ ಕಟ್ಟಕಡೆಗೆ ಗುಲಾಮಗಿರಿ ಬಿಟ್ಟ ದೇಶವೇ ಬ್ರೆಜಿಲ್. ಕ್ಯೂಬಾ ಕೂಡ 1886ಕ್ಕೇ ಬಿಟ್ಟಿತ್ತು.

ಮುತ್ತಜ್ಜಿ ಪೆಟ್ಟಿಗೆ ಅಕ್ಕ, ಕುಸುಗಲ್ ಕಥೆಗೆ ಬೇರೆ ಎಳೆ ಶುರುಮಾಡುತ್ತೇನೆ. ಈ ಭಾನುವಾರ ಆಗೋದಿಲ್ಲ, ಹೊಲದಲ್ಲಿ ಹತ್ತಿ ಬಿಡಿಸೋ ಕೆಲಸ ಇದೆ.